ಕತಾರ್ ಮೇಲಿನ ದಿಗ್ಬಂಧನ ಸೋತದ್ದು ಏಕೆ?

ಪ್ರಶ್ನೆ (ಪಡುವಣದ ಓದುಗ):
2017ರ ಜೂನ್ 5ರಂದು ಸೌದಿ ಅರೇಬಿಯಾ, ಯುಎಇ, ಬಹರೈನ್ ಮತ್ತು ಈಜಿಪ್ಟ್ ಕತಾರ್ ಜೊತೆಗಿನ ರಾಜತಾಂತ್ರಿಕ ಸಂಬಂಧವನ್ನು ಕಡಿದುಕೊಂಡವು. ಕತಾರಿಗೆ ಇರುವ ಒಂದೇ ಭೂಗಡಿ ಸೌದಿಯದು. ಅದೂ ಮುಚ್ಚಿತು, ಕತಾರಿನ ಹಡಗು, ವಿಮಾನಗಳಿಗೂ ತಡೆ ಬಿತ್ತು. ಕತಾರಿನ ಸುದ್ದಿವಾಹಿನಿ ಅಲ್ ಜಝೀರಾವನ್ನು ಮುಚ್ಚಬೇಕು, ಟರ್ಕಿಯ ಸೇನಾ ನೆಲೆಯನ್ನು ತೆರವು ಮಾಡಬೇಕು, ಇರಾನಿನೊಂದಿಗಿನ ನಂಟನ್ನು ತಗ್ಗಿಸಬೇಕು ಎಂಬಂಥ 13 ಬೇಡಿಕೆಗಳಿಗೆ ಹತ್ತು ದಿನಗಳ ಗಡುವು ಕೊಡಲಾಯಿತು. ಮೂರೂವರೆ ವರ್ಷಗಳ ಬಳಿಕ, 2021ರ ಜನವರಿ 5ರಂದು, ಸೌದಿಯ ಅಲ್-ಉಲಾ ಪಟ್ಟಣದಲ್ಲಿ ರಾಜಿಯಾದಾಗ ಈ ಮೂರರಲ್ಲಿ ಒಂದೂ ಈಡೇರಿರಲಿಲ್ಲ. ಇದು ಕೇವಲ ಹಣದ ಬಲದ ಕಥೆಯೇ, ಅಥವಾ ದಿಗ್ಬಂಧನ ಹೂಡಿದವರ ಲೆಕ್ಕಾಚಾರವೇ ತಪ್ಪಿತ್ತೇ?

ಉತ್ತರ (ದೋಹಾದಲ್ಲಿದ್ದವನು):
ಆಗ ನಾನು ದೋಹಾದಲ್ಲಿ ಉದ್ಯೋಗದಲ್ಲಿದ್ದೆ. ಹಾಲು, ಮೊಸರಿನ ಬಹುಪಾಲು ಸೌದಿಯಿಂದ ಲಾರಿಗಳಲ್ಲಿ ಬರುತ್ತಿದ್ದುದರಿಂದ ಮೊದಲ ದಿನ ಸಂಜೆಯೇ ಅಂಗಡಿಗಳಲ್ಲಿ ಆ ಕಪಾಟುಗಳು ಬರಿದಾದವು. ನಾನೂ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಹೊತ್ತು ತಂದವರಲ್ಲಿ ಒಬ್ಬ ಎಂದು ಒಪ್ಪಿಕೊಳ್ಳುತ್ತೇನೆ. ಆದರೆ ಕೆಲವೇ ದಿನಗಳಲ್ಲಿ ಟರ್ಕಿಯ ಹಾಲು ವಿಮಾನದಲ್ಲಿ ಬಂದಿಳಿಯಿತು. ಪೊಟ್ಟಣದ ಮೇಲಿನ ಬರಹ ಯಾರಿಗೂ ಓದಲು ಬಾರದ್ದರಿಂದ, ಯಾವುದು ಕೆನೆಭರಿತ, ಯಾವುದು ಕೆನೆ ತೆಗೆದದ್ದು ಎಂದು ತಿಳಿಸುವ ಚೀಟಿಯನ್ನು ಪಕ್ಕದಲ್ಲೇ ಅಂಟಿಸಿದ್ದರು. ಜುಲೈ ತಿಂಗಳಲ್ಲಿ ಹಸುಗಳೇ ವಿಮಾನವೇರಿ ಬಂದವು. ಮೊದಲ ಕಂತಿನಲ್ಲಿ ಬಂದವು 165. ಬೇಸಿಗೆಯಲ್ಲಿ 45 ಡಿಗ್ರಿ ದಾಟುವ ಮರುಭೂಮಿಯಲ್ಲಿ, ತಂಪುಗೊಳಿಸಿದ ಕೊಟ್ಟಿಗೆಗಳಲ್ಲಿ ಬೆಳೆದ ಆ ಬಲದ್ನಾ ಹೈನೋದ್ಯಮವು 2019ರ ಹೊತ್ತಿಗೆ ರಫ್ತನ್ನೂ ಆರಂಭಿಸಿತು.

ಹಡಗುಗಳದೂ ಇದೇ ಕಥೆ. ಅಲ್ಲಿಯವರೆಗೆ ದುಬೈನ ಜೆಬೆಲ್ ಅಲಿ ಬಂದರಿನಲ್ಲಿ ಇಳಿದು ಮುಂದೆ ಸಾಗುತ್ತಿದ್ದ ಸರಕು ಒಮಾನಿನ ಸೊಹಾರ್ ಮತ್ತು ಸಲಾಲಾ ಬಂದರುಗಳ ಮೂಲಕ ಬರತೊಡಗಿತು. ನಮ್ಮ ಮುಂದ್ರಾ, ನವಶೇವಾ ಬಂದರುಗಳಿಂದ ದೋಹಾದ ಹಮದ್ ಬಂದರಿಗೆ ನೇರ ಹಡಗು ಸೇವೆಯೂ ಶುರುವಾಯಿತು. ಒಮಾನ್ ಮತ್ತು ಕುವೈತ್ ಈ ಜಗಳದಲ್ಲಿ ಪಕ್ಷ ವಹಿಸದೇ ಹೋದದ್ದು ಕತಾರಿಗೆ ಹಣಕ್ಕಿಂತ ಕಡಿಮೆ ಆಸರೆಯಾಗಿರಲಿಲ್ಲ.

ಉತ್ತರ (ನಕ್ಷೆಪ್ರಿಯ):
ಮೇಲಿನವರ ಅನುಭವವನ್ನು ಒಪ್ಪುತ್ತೇನೆ, ಆದರೆ ಹಣದ ಪಾತ್ರವನ್ನು ತಗ್ಗಿಸಲಾಗದು. ಸಾಲ ಅರ್ಹತೆ ಅಳೆಯುವ ಮೂಡೀಸ್ ಸಂಸ್ಥೆಯ ಅಂದಾಜಿನಂತೆ, ಮೊದಲ ಎರಡು ತಿಂಗಳಲ್ಲೇ ಕತಾರ್ ತನ್ನ ಆರ್ಥಿಕತೆಗೆ ಆಸರೆಯಾಗಲು ಸುಮಾರು 38.5 ಶತಕೋಟಿ ಡಾಲರ್ ಬಳಸಿತು. ಇಷ್ಟನ್ನು ಗಂಟಿನಿಂದ ಬಿಚ್ಚಿಕೊಡಬಲ್ಲ ಸಣ್ಣ ದೇಶಗಳು ಬಹಳ ಇಲ್ಲ.

ಆದರೂ ನನ್ನ ದೃಷ್ಟಿಯಲ್ಲಿ ನಿಜವಾದ ಎಡವಟ್ಟು ಬೇರೆಡೆ ಇದೆ: ಯಾವ ನಂಟನ್ನು ಕಡಿಸಲು ಒತ್ತಡ ಹೇರಿದರೋ ಆ ನಂಟು ಒತ್ತಡದಿಂದಲೇ ಗಟ್ಟಿಯಾಯಿತು. ಟರ್ಕಿಯ ಸಂಸತ್ತು ದಿಗ್ಬಂಧನದ ಮೂರನೇ ದಿನವೇ, ಅಂದರೆ ಜೂನ್ 7ರಂದು, ಕತಾರಿಗೆ ಹೆಚ್ಚಿನ ಸೈನಿಕರನ್ನು ಕಳುಹಿಸಲು ಒಪ್ಪಿಗೆ ಕೊಟ್ಟಿತು. 2016ರ ಜನವರಿಯಲ್ಲಿ ಟೆಹರಾನಿನ ಸೌದಿ ರಾಯಭಾರ ಕಚೇರಿಯ ಮೇಲೆ ದಾಳಿಯಾದಾಗ ಸೌದಿಯ ಪರವಾಗಿ ನಿಂತು ತನ್ನ ರಾಯಭಾರಿಯನ್ನು ಹಿಂದಕ್ಕೆ ಕರೆಸಿಕೊಂಡಿದ್ದ ಇದೇ ಕತಾರ್, 2017ರ ಆಗಸ್ಟಿನಲ್ಲಿ ಅವರನ್ನು ಮತ್ತೆ ಟೆಹರಾನಿಗೆ ಕಳುಹಿಸಿತು. ವಿಮಾನಗಳಿಗೆ ಇರಾನಿನ ಆಕಾಶವೇ ದಾರಿಯಾಗಿದ್ದಾಗ ಬೇರೇನು ನಿರೀಕ್ಷಿಸಲು ಸಾಧ್ಯವಿತ್ತು? ಅಲ್ಲದೆ ಕತಾರಿನ ಸಂಪತ್ತಿನ ಮೂಲವಾದ ಸಮುದ್ರದಡಿಯ ಅನಿಲ ನಿಕ್ಷೇಪವು ಇರಾನಿನೊಂದಿಗೆ ಹಂಚಿಕೊಂಡದ್ದು. ಆ ನೆರೆಯವನೊಂದಿಗೆ ಮಾತು ಬಿಡುವುದು ದೋಹಾಕ್ಕೆ ಎಂದೂ ಕೈಗೂಡುವ ಸಂಗತಿಯಲ್ಲ.

ಅಮೆರಿಕದ ನಡೆಯೂ ಎರಡು ಬಗೆಯದಾಗಿತ್ತು. ಅಧ್ಯಕ್ಷ ಟ್ರಂಪ್ ಆರಂಭದಲ್ಲಿ ಟ್ವಿಟರಿನಲ್ಲಿ ದಿಗ್ಬಂಧನವನ್ನು ಹೊಗಳಿದರು; ಅದೇ ತಿಂಗಳ 14ರಂದು ಅವರದೇ ರಕ್ಷಣಾ ಇಲಾಖೆ ಕತಾರಿಗೆ ಎಫ್-15 ಯುದ್ಧವಿಮಾನ ಮಾರುವ 12 ಶತಕೋಟಿ ಡಾಲರಿನ ಒಪ್ಪಂದಕ್ಕೆ ಸಹಿ ಹಾಕಿತು. ಕತಾರಿನಲ್ಲಿ ಅಮೆರಿಕದ ಪಡೆಗಳು ಬಳಸುವ ಅಲ್ ಉದೈದ್ ವಾಯುನೆಲೆ ಇರುವವರೆಗೆ ವಾಷಿಂಗ್ಟನ್ ಕತಾರನ್ನು ಕೈಬಿಡುವಂತಿರಲಿಲ್ಲ ಎಂಬುದನ್ನು ರಿಯಾದ್ ಅಳೆಯಲಿಲ್ಲ.

ಉತ್ತರ (ಹಳೆಯ ಸದಸ್ಯ):
ಒಂದು ವಿವರ ಇಲ್ಲಿ ಬಿಟ್ಟುಹೋಗಿದೆ. ಕತಾರಿನ ಅನಿಲವನ್ನು ಯುಎಇಗೆ ಒಯ್ಯುವ ಡಾಲ್ಫಿನ್ ಕೊಳವೆಮಾರ್ಗ ಈ ಇಡೀ ಅವಧಿಯಲ್ಲಿ ಒಂದು ದಿನವೂ ನಿಲ್ಲಲಿಲ್ಲ. ಅಬುಧಾಬಿ ಕತಾರಿನ ವಿಮಾನಗಳನ್ನು ತಡೆಯಿತು. ಅನಿಲವನ್ನು ಬೇಡವೆನ್ನಲಿಲ್ಲ, ಏಕೆಂದರೆ ಅಲ್ಲಿನ ವಿದ್ಯುತ್ ಸ್ಥಾವರಗಳು ಅದನ್ನು ನೆಚ್ಚಿಕೊಂಡಿದ್ದವು. ಕತಾರೂ ಕೊಳಾಯಿ ತಿರುಗಿಸಿ ಸೇಡು ತೀರಿಸಿಕೊಳ್ಳಲಿಲ್ಲ. ಪೆಟ್ಟು ತಿಂದವರು ಸಾಮಾನ್ಯರು: ಗಡಿಯ ಎರಡೂ ಬದಿಗೆ ಮದುವೆ ಸಂಬಂಧ ಬೆಳೆಸಿದ್ದ ಕುಟುಂಬಗಳು, ಸೌದಿಯ ಹುಲ್ಲುಗಾವಲಿನಿಂದ ತಮ್ಮ ಒಂಟೆಗಳೊಂದಿಗೆ ಹೊರದೂಡಲ್ಪಟ್ಟ ಕತಾರಿ ಸಾಕಣೆದಾರರು.

ಪ್ರಶ್ನೆ ಕೇಳಿದವರು:
ಕೊಳವೆಮಾರ್ಗದ ವಿಷಯ ನನಗೆ ಹೊಸದು, ಧನ್ಯವಾದ. ಆದರೆ ಅಲ್-ಉಲಾ ಬಳಿಕ ಸೌದಿ ಬೇಗನೆ ಮೆತ್ತಗಾದರೂ ಬಹರೈನ್ ಏಕೆ ಹಿಂದೆ ಉಳಿಯಿತು?

ಉತ್ತರ (ನಕ್ಷೆಪ್ರಿಯ):
ಆ ಎರಡು ದೇಶಗಳ ಜಗಳ 2017ಕ್ಕಿಂತ ಬಹಳ ಹಳೆಯದು. ಹವಾರ್ ದ್ವೀಪಗಳು ಮತ್ತು ಜುಬಾರಾ ಪ್ರದೇಶದ ವ್ಯಾಜ್ಯ ಅಂತರರಾಷ್ಟ್ರೀಯ ನ್ಯಾಯಾಲಯದವರೆಗೆ ಹೋಗಿ, 2001ರಲ್ಲಿ ಹವಾರ್ ಬಹರೈನಿಗೂ ಜುಬಾರಾ ಕತಾರಿಗೂ ಸೇರಿತು. ತೀರ್ಪು ಬಂದರೂ ಮುನಿಸು ಪೂರ್ತಿ ಇಳಿಯಲಿಲ್ಲ. ಎರಡೂ ದೇಶಗಳು ರಾಜತಾಂತ್ರಿಕ ಸಂಬಂಧವನ್ನು ಮರಳಿ ಸ್ಥಾಪಿಸಲು ಒಪ್ಪಿದ್ದು 2023ರ ಏಪ್ರಿಲಿನಲ್ಲಿ.