ಬೈಲೋಮಾಗೆ ಕನ್ನಡದಲ್ಲಿ ಏನೆನ್ನೋಣ?

ಎಲ್ಲರಿಗೂ ನಮಸ್ಕಾರ.

ಪಿತ್ತಕೋಶ ತೆಗೆದ ಮೇಲೆ ತೊಂದರೆ ಕಾಣಿಸಿಕೊಂಡರೆ ಮಾಡುವ ಸ್ಕ್ಯಾನುಗಳ ಬಗ್ಗೆ ರೋಗಿಗಳಿಗಾಗಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಬೈಲೋಮಾ ಎಂಬಲ್ಲಿ ಪೆನ್ನು ನಿಂತಿದೆ. ಸೋರಿದ ಪಿತ್ತರಸ ಹೊಟ್ಟೆಯೊಳಗೆ ಒಂದೇ ಕಡೆ ಮಡುಗಟ್ಟಿದರೆ ಅದು ಬೈಲೋಮಾ. ಹೆಸರು ಕೇಳಿದರೆ ಲಿಂಫೋಮಾ ಎಂಬ ಕ್ಯಾನ್ಸರ್ ನೆನಪಾಗುತ್ತದೆ, ಅಲ್ವಾ? ‘ಪಿತ್ತದ ಗಡ್ಡೆ’ ಎಂದರಂತೂ ಓದುವವರು ಕ್ಯಾನ್ಸರೇ ಅಂದುಕೊಳ್ಳುತ್ತಾರೆ. ‘ಕುರು’ ಎಂದರೆ ಕೀವಿನ ಅರ್ಥ ಬರುತ್ತದೆ. ಸೋಂಕು ತಗಲದೆ ಇದರಲ್ಲಿ ಕೀವಿರುವುದಿಲ್ಲ. ಸದ್ಯಕ್ಕೆ ‘ಪಿತ್ತಮಡು’ ಎಂದು ಬರೆದುಕೊಂಡಿದ್ದೇನೆ. ತೀರಾ ಕಾವ್ಯವಾಯಿತೇ?

ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಸಿಟಿ ವರದಿಯಲ್ಲಿ ‘ಫ್ಲೂಯಿಡ್ ಕಲೆಕ್ಷನ್’ ಎಂದಿದ್ದರೆ ಅನುವಾದದಲ್ಲಿ ಸಲೀಸಾಗಿ ‘ಪಿತ್ತರಸ ಸೋರಿಕೆ’ ಆಗಿಬಿಡುತ್ತದೆ. ಇದನ್ನು ಒಪ್ಪುವುದು ಕಷ್ಟ. ಸಿಟಿಯಾಗಲಿ ಅಲ್ಟ್ರಾಸೌಂಡ್ ಆಗಲಿ ದ್ರವ ನಿಂತಿರುವುದನ್ನು ತೋರಿಸುತ್ತವೆ. ಅದು ಪಿತ್ತರಸವೋ ಬರೀ ನೀರಿನಂಥ ಸ್ರಾವವೋ ಎಂದು ಅಷ್ಟರಿಂದಲೇ ಖಚಿತವಾಗಿ ಹೇಳಲಾಗದು. ಆಪರೇಷನ್ ಆದ ಹೊಸದರಲ್ಲಿ ಪಿತ್ತಕೋಶವಿದ್ದ ಜಾಗದಲ್ಲಿ ಸ್ವಲ್ಪ ದ್ರವ ಇರುವುದು ಮಾಮೂಲಿ ಕೂಡ. ಸೋರಿಕೆ ಈಗಲೂ ನಡೆಯುತ್ತಿದೆಯಾ ಎಂದು ನೋಡಲು ಹೈಡಾ ಸ್ಕ್ಯಾನ್ ಇದೆ. ರಕ್ತನಾಳಕ್ಕೆ ಕೊಟ್ಟ ಟೆಕ್ನೀಷಿಯಂ-99ಎಂ ಎಂಬ ವಿಕಿರಣ ಸೂಸುವ ವಸ್ತು ಇರುವ ಔಷಧವನ್ನು ಲಿವರ್ ಎಳೆದುಕೊಂಡು ಪಿತ್ತರಸದ ಜೊತೆ ಬಿಡುತ್ತದೆ. ಅದು ನಾಳದಲ್ಲಿ ಸಾಗಿ ಕರುಳು ಸೇರಬೇಕು. ದಾರಿ ತಪ್ಪಿ ಹೊಟ್ಟೆಯೊಳಗೆ ಹರಡಿದರೆ ಆಗ ‘ಸೋರಿಕೆ’ ಎನ್ನಲು ಆಧಾರ ಸಿಕ್ಕಿತು. ಅಲ್ಲಿಯವರೆಗೆ ‘ದ್ರವ ನಿಂತಿದೆ’ ಎಂದರೆ ಸಾಕು. ‘ದ್ರವ ಸಂಗ್ರಹ’ ಎಂದರೆ ಯಾರೋ ಬೇಕೆಂದೇ ಕೂಡಿಟ್ಟ ಹಾಗೆ ಕೇಳಿಸುತ್ತದೆ.

ಕಲ್ಲುಗಳದ್ದೂ ಒಂದು ಪ್ರಶ್ನೆ. ಪಿತ್ತನಾಳದಲ್ಲೇ ಉಳಿದುಹೋದದ್ದಕ್ಕೆ ‘ಉಳಿಕೆ ಕಲ್ಲು’ ಹೊಂದುತ್ತದೆ. ಎಂಆರ್‌ಸಿಪಿ (ಪಿತ್ತನಾಳಗಳನ್ನು ತೋರಿಸುವ ಎಂಆರ್‌ಐ ಸ್ಕ್ಯಾನ್) ಚಿತ್ರದಲ್ಲಿ ಪಿತ್ತರಸ ಬೆಳ್ಳಗೆ ಹೊಳೆಯುತ್ತದೆ, ಕಲ್ಲು ನಡುವೆ ಕಪ್ಪಗೆ ಕಾಣುತ್ತದೆ. ಆಪರೇಷನ್ ಮಾಡುವಾಗ ಪಿತ್ತಕೋಶ ಹರಿದು ಹೊಟ್ಟೆಯೊಳಗೆ ಉದುರಿದ ಕಲ್ಲಿಗೆ ಏನೆನ್ನುವುದು? ಎಷ್ಟೋ ತಿಂಗಳು, ವರ್ಷ ಸುಮ್ನೆ ಇದ್ದು ಆಮೇಲೆ ಸುತ್ತ ಕೀವು ಕಟ್ಟಿಸಿಬಿಡಬಹುದು ಇದು. ‘ಬಿದ್ದ ಕಲ್ಲು’ ಎನ್ನುವಂತಿಲ್ಲ. ‘ಕಲ್ಲು ಬಿತ್ತು’ ಎಂದರೆ ನಮ್ಮ ಮಾತಿನಲ್ಲಿ ಮೂತ್ರದಲ್ಲಿ ಹೊರಗೆ ಹೋಯಿತು, ಕಾಟ ತಪ್ಪಿತು ಎಂದರ್ಥ. ಇಲ್ಲಿ ಕಥೆ ಪೂರಾ ಉಲ್ಟಾ. ‘ಒಳಗೆ ಉದುರಿದ ಕಲ್ಲು’ ಸ್ಪಷ್ಟವಾಗಿದೆ, ಆದರೆ ಪದೇ ಪದೇ ಬಳಸಲು ಉದ್ದವಾಯಿತು.

ರೇಡಿಯಾಲಜಿ ವಿಭಾಗದಲ್ಲಿ ಕೆಲಸ ಮಾಡುವವರು ಯಾರಾದರೂ ಇದ್ದರೆ, ರೋಗಿಯ ಕಡೆಯವರಿಗೆ ನೀವು ಬಾಯಿಮಾತಿನಲ್ಲಿ ಇವನ್ನೆಲ್ಲ ಹೇಗೆ ಹೇಳುತ್ತೀರಿ? ಆ ಮಾತನ್ನೇ ಇದ್ದ ಹಾಗೆ ಬರೆದು ಕಳಿಸಿ.