ಸಹಾಯ ಬೇಕು: ಕ್ಯಾಲಿಬ್ರೇಷನ್ ಗುಂಡು ಒಂದೊಂದು ಎತ್ತರದಲ್ಲಿ ಒಂದೊಂದು ಲೆಕ್ಕ ಕೊಡುತ್ತಿದೆ

ಎಲ್ಲರಿಗೂ ನಮಸ್ಕಾರ. ಎಲೆಕ್ಟ್ರಾನಿಕ್ಸ್ ಕೊನೆ ವರ್ಷದ ಪ್ರಾಜೆಕ್ಟ್‌ನಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ, ರೇಡಾರ್ ಗೊತ್ತಿದ್ದವರು ದಯವಿಟ್ಟು ನೋಡಿ.

1965ರಲ್ಲಿ ಅಮೆರಿಕದವರು ಎಲ್‌ಸಿಎಸ್-1 ಎಂಬ ಟೊಳ್ಳು ಅಲ್ಯೂಮಿನಿಯಂ ಗುಂಡನ್ನು ಕಕ್ಷೆಗೆ ಬಿಟ್ಟರಲ್ವಾ, ಅಳತೆ ಗೊತ್ತಿರುವ ಗುಂಡನ್ನು ನೋಡಿ ರೇಡಾರಿನ ಲೆಕ್ಕ ಸರಿಯಿದೆಯಾ ಅಂತ ಪರೀಕ್ಷಿಸುವ (ಕ್ಯಾಲಿಬ್ರೇಷನ್) ನಮ್ಮ ಐಡಿಯಾ ಅಲ್ಲಿಂದಲೇ ಬಂದಿದ್ದು. ಅದರಲ್ಲಿ ಬ್ಯಾಟರಿ ಇಲ್ಲ, ಏನೂ ಇಲ್ಲ, ಸುಮ್ನೆ ಸುತ್ತುತ್ತದೆ. ಅಡ್ಡಳತೆ ಸುಮಾರು 1.13 ಮೀಟರ್. ಯಾವ ಕಡೆ ತಿರುಗಿದರೂ ರೇಡಾರಿಗೆ ಸುಮಾರು 1 ಚದರ ಮೀಟರಿನಷ್ಟೇ ಕಾಣಬೇಕು. 0.8 ಅಂತ ತೋರಿಸಿದರೆ ತಪ್ಪು ರೇಡಾರಿನದು, ಗುಂಡಿನದಲ್ಲ.

ನಮ್ಮದು 10 ಗಿಗಾಹರ್ಟ್ಸ್‌ನ ಪುಟ್ಟ ರೇಡಾರ್. ಗೇಟಿನ ಕಂಬದ ಮೇಲೆ ಕೂರಿಸುವ 15 ಸೆಂ.ಮೀ. ಸ್ಟೀಲ್ ಗುಂಡು ತಂದು, ಗಾಳದ ದಾರದಲ್ಲಿ ಕಟ್ಟಿ, ಕಾಲೇಜು ಮೈದಾನದಲ್ಲಿ 30 ಮೀಟರ್ ದೂರ ತೂಗುಹಾಕಿದೆವು. ಲೆಕ್ಕದ ಪ್ರಕಾರ 0.0177 ಚದರ ಮೀಟರ್ ಬರಬೇಕು. ಆದರೆ ಗುಂಡನ್ನು ಒಂದು ಅಡಿ ಮೇಲೆತ್ತಿದರೆ ವಾಪಸ್ ಬರುವ ಸಿಗ್ನಲ್ 4 ಡೆಸಿಬೆಲ್ ಜಾಸ್ತಿ, ಇನ್ನೊಂದು ಅಡಿ ಎತ್ತಿದರೆ ಮತ್ತೆ ಕಮ್ಮಿ! ಗುಂಡು ತೆಗೆದು ಬರೀ ದಾರ ಅಳೆದು, ಅದನ್ನೂ ಕಳೆದು ನೋಡಿದ್ದಾಯಿತು. ನೆಲಕ್ಕೆ ಬಡಿದು ಬರುವ ಅಲೆಯದೇ ಕಿತಾಪತಿ ಅಂತ ನನ್ನ ಅನುಮಾನ.

ಆ ಅಲೆಯನ್ನು ತಡೆಯಲು ಮಧ್ಯೆ ತಂತಿ ಬಲೆಯ ಬೇಲಿ ನಿಲ್ಲಿಸಿದರೆ ಸಾಕಾ, ಅಥವಾ ಹಲವು ಎತ್ತರಗಳಲ್ಲಿ ಅಳೆದು ಸರಾಸರಿ ತೆಗೆಯಬೇಕಾ? ಗುಂಡಿನ ನಡುವಿನ ವೆಲ್ಡಿಂಗ್ ಗೆರೆಯಿಂದ ಎಷ್ಟು ವ್ಯತ್ಯಾಸ ಬರಬಹುದು? ಗೈಡ್ ಮೇಡಂ ಸೋಮವಾರ ರೀಡಿಂಗ್ ಕೇಳಿದ್ದಾರೆ. ಅಳತೆಯ ಪಟ್ಟಿ ಬೇಕಿದ್ದರೆ ಕಳಿಸುತ್ತೇನೆ.