ಒಸಾಕಾದಲ್ಲಿ ಮೂರು ಸಂಜೆ: ಧೈರ್ಯ ಮಾಡಿ ಏನನ್ನು ತಿನ್ನಬಹುದು?

ಪ್ರಶ್ನೆ: ಡಿಸೆಂಬರ್‌ನಲ್ಲಿ ಕೆಲಸದ ನಿಮಿತ್ತ ಜಪಾನಿನ ಒಸಾಕಾಕ್ಕೆ ಹೋಗುತ್ತಿದ್ದೇನೆ. ಮಂಗಳೂರಿನವನಾದ್ದರಿಂದ ಮೀನು, ಏಡಿ, ಮರುವಾಯಿ ಯಾವುದೂ ಹೊಸದಲ್ಲ. ಪ್ರವಾಸಿಗರು ಮುಗಿಬೀಳುವ ದೋತೊಂಬೊರಿ ಬೀದಿಯಲ್ಲಿ ತಾಕೊಯಾಕಿ (ಆಕ್ಟೋಪಸ್ ತುಂಡು ಹಾಕಿದ ಹಿಟ್ಟಿನ ಉಂಡೆ) ತಿಂದು ಬರುವುದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗುವ ಆಸೆಯಿದೆ. ವಿಷವಿರುವ ಫುಗು ಮೀನು ಎಷ್ಟರಮಟ್ಟಿಗೆ ಸುರಕ್ಷಿತವೆಂದು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1: ಫುಗುವಿನ ಯಕೃತ್ತು ಮತ್ತು ಅಂಡಾಶಯದಲ್ಲಿರುವ ಟೆಟ್ರೊಡೊಟಾಕ್ಸಿನ್ ವಿಷವು ಬೇಯಿಸಿದರೂ ನಾಶವಾಗದ ಕಾರಣ, ಅರ್ಹತೆ ಪಡೆದ ಬಾಣಸಿಗರೇ ಅದನ್ನು ಹಸನು ಮಾಡಬೇಕೆಂಬ ಕಟ್ಟುನಿಟ್ಟಿನ ನಿಯಮ ಅಲ್ಲಿದೆ. ಅಂಥ ಅಂಗಡಿಯಲ್ಲಿ ನಿಶ್ಚಿಂತೆಯಿಂದ ತಿನ್ನಬಹುದು. ಒಸಾಕಾದವರು ಇದನ್ನು ‘ತೆಪ್ಪೊ’, ಅಂದರೆ ಬಂದೂಕು, ಎಂದು ಕರೆಯುತ್ತಾರೆ. ತಗುಲಿದರೆ ಸಾವೇ ಎಂಬ ಕುಹಕ. ತೆಳುವಾಗಿ ಕೊಯ್ದ ಹಸಿ ಹೋಳುಗಳು ‘ತೆಸ್ಸಾ’. ಅವುಗಳ ಮೂಲಕ ತಟ್ಟೆಯ ಚಿತ್ತಾರವೇ ಕಾಣಿಸುತ್ತದೆ. ನಿಜ ಹೇಳಬೇಕೆಂದರೆ, ಮೀನಿನ ಗಸಿಗೆ ಒಗ್ಗಿದ ನಾಲಿಗೆಗೆ ಅದು ಸಪ್ಪೆ. ತರಕಾರಿಯೊಂದಿಗೆ ಕುದಿಸುವ ‘ತೆಚ್ಚಿರಿ’ಯೇ ನನಗೆ ಹಿಡಿಸಿತು, ಅದರಲ್ಲೂ ಉಳಿದ ಸಾರಿಗೆ ಕೊನೆಯಲ್ಲಿ ಅನ್ನ, ಮೊಟ್ಟೆ ಬೆರೆಸಿ ಮಾಡಿಕೊಡುವ ಗಂಜಿ.

ಉತ್ತರ 2: ತ್ಸುರುಹಾಶಿ ನಿಲ್ದಾಣದ ಸುತ್ತಲಿನ ಕೊರಿಯನ್ ಮೂಲದವರ ಓಣಿಗಳಲ್ಲಿ ಕರುಳು, ಜಠರ ಮುಂತಾದವುಗಳನ್ನು ನಿಮ್ಮ ಮೇಜಿನ ಕೆಂಡದ ಮೇಲೆ ನೀವೇ ಸುಟ್ಟುಕೊಳ್ಳುವ ‘ಹೊರುಮೊನ್’ ಸಿಗುತ್ತದೆ. ನಾನೊಮ್ಮೆ ಒಂದು ಇಜಾಕಾಯಾದಲ್ಲಿ (ಕುಡಿತದ ಜೊತೆ ತಿನಿಸು ಕೊಡುವ ಜಪಾನಿ ಅಂಗಡಿ), ತಿನಿಸುಗಳ ಹೆಸರು ಬರೆದ ಗೋಡೆಯ ಚೀಟಿಯೊಂದಕ್ಕೆ ಸುಮ್ಮನೆ ಬೆರಳು ತೋರಿಸಿದಾಗ, ಮೆದುಳಿನ ಸುರುಳಿಯಂತಹ ಬಿಳಿಯ ಪದಾರ್ಥ ಬಂದಿತು, ಬೆಣ್ಣೆಯಂತೆ ಕರಗಿತು. ಅದು ‘ಶಿರಾಕೊ’, ಗಂಡು ಮೀನಿನ ವೀರ್ಯಚೀಲ, ಎಂದು ತಿಳಿದದ್ದು ಮರುದಿನ!

ಉತ್ತರ 3: ಇಜಾಕಾಯಾದಲ್ಲಿ ಕೇಳದೆಯೇ ಮೊದಲು ಬರುವ ತಿನಿಸಿನ ಪುಟ್ಟ ಬಟ್ಟಲು ‘ಒತೋಶಿ’, ಅದಕ್ಕೂ ಬಿಲ್ಲಿನಲ್ಲಿ ಹಣ ಸೇರಿರುತ್ತದೆ, ಜಗಳಕ್ಕಿಳಿಯಬೇಡಿ.